ಗೀರಿಲ್ಲದ ಡಾಲರ್

ಹುಣಸೆಹಣ್ಣು ನೆನೆದ ನೀರಿನ ಹುಳಿವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಬಂಗಾರಪೇಟೆಯ ನಮ್ಮ ಹಿತ್ತಲು ನೆನಪಾಗುತ್ತದೆ. ಗುರುವಾರ ಸಂಜೆ ಅಜ್ಜಿ ಬಾವಿಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಶುಕ್ರವಾರದ ಪೂಜೆಗೆಂದು ದೀಪ, ಚೊಂಬು, ಗಂಟೆ, ಲಕ್ಷ್ಮಿಯ ಮುಂದಿಡುವ ಕಾಸು ಎಲ್ಲವನ್ನೂ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಊರ ಜನರ ಕೈಬೆವರು ಕುಡಿದ ಕಾಸನ್ನು ತೊಳೆಯದೆ ದೇವಿಯ ಮುಂದಿಡುವುದು ಅವಳ ಪ್ರಕಾರ ಪಾಪ. ನಿಮ್ಮ ಮನೆಯಲ್ಲೂ ಇಂಥ ಕೈಯೊಂದು ಇದ್ದಿರಬೇಕು. ಆ ಕೈಗೆ ಸಿಕ್ಕಿದ ಯಾವ ಲೋಹವೂ ಹೊಳೆಯದೆ ತಪ್ಪಿಸಿಕೊಂಡದ್ದಿಲ್ಲ.

ಅಜ್ಜಿಯ ಮಗಳು, ನನ್ನ ಸರೋಜತ್ತೆ, ಬೆಳಗಿನ ಬಸ್ಸಿಗೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಬಟ್ಟೆ ಹೊಲಿಯುತ್ತಿದ್ದಳು. ಡಿಸೆಂಬರ್ ಬಂತೆಂದರೆ ಪಕ್ಕದ ಚಿನ್ನದ ಗಣಿಯ ಉರಿಗಾಂನ ಆಂಗ್ಲೋ-ಇಂಡಿಯನ್ ಮನೆಗಳ ಕ್ರಿಸ್‌ಮಸ್ ಗೌನುಗಳಿಂದ ಅವಳಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಒಮ್ಮೆ ಅಮೆರಿಕದಿಂದ ಹಬ್ಬಕ್ಕೆ ಬಂದಿದ್ದ ಹೆಂಗಸೊಬ್ಬಳು ಗೌನು ಮೆಚ್ಚಿ, ಕೂಲಿಯ ಮೇಲೆ ಒಂದು ಡಾಲರ್ ನಾಣ್ಯವನ್ನೂ ಕೊಟ್ಟಳು. ಅಂಗೈಗೆ ಭಾರವೆನಿಸುವಷ್ಟು ದೊಡ್ಡದು. ಒಂದು ಕಡೆ ಬೋಳುತಲೆಯ ಗಂಡಸಿನ ಮುಖ, ಇನ್ನೊಂದು ಕಡೆ ಚಂದ್ರನ ಮೇಲೆ ಇಳಿಯುವ ಹದ್ದು. ಅತ್ತೆಗೆ ನಾಣ್ಯದ ಹುಚ್ಚು ಹತ್ತಿದ್ದು ಅವತ್ತೇ. ನಾಣ್ಯ ಕೂಡಿಡುವ ಅಭ್ಯಾಸವಿದ್ದ ಮುದುಕರೊಬ್ಬರು, ಅವಳ ಗಿರಾಕಿ, ಅದರ ಕೆನ್ನೆಯ ಮೇಲಿನ ಗೀರು ತೋರಿಸಿದರು. ಟಂಕಸಾಲೆಯಲ್ಲಿ ಚೀಲಕ್ಕೆ ಸುರಿಯುವಾಗಲೇ ಈ ದಪ್ಪ ನಾಣ್ಯಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಕೆನ್ನೆ ಶುದ್ಧವಾಗಿ ಉಳಿದದ್ದು ಸಿಗುವುದೇ ಅಪರೂಪ ಎಂದರು.

"ಅಂಗಾರೆ ನಾನು ಅದನ್ನೇ ಉಡುಕ್ತೀನಿ" ಎಂದಳು ಅತ್ತೆ.

ಹಿಡಿದ ಪಟ್ಟು ಬಿಡುವ ಜಾತಿಯವಳಲ್ಲ ಅವಳು. ಹೊರದೇಶದಿಂದ ಬಂದವರು ಗೌನು ಹೊಲಿಸಿದರೆ ಕೂಲಿ ಬೇಡ, ಡಾಲರ್ ನಾಣ್ಯ ಕೊಡಿ ಎಂದು ತನ್ನ ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಊರಲ್ಲೇ ಸಿಕ್ಕ ಕೆಲವು ನಾಣ್ಯಗಳು ಅಕ್ಕಸಾಲಿಗನಿಂದ ತೂತು ಹಾಕಿಸಿಕೊಂಡು, ಯಾರದೋ ಕೊರಳ ಸರದಲ್ಲಿ ನೇತಾಡಿ ಬಂದವು. ಅಂಚನ್ನಷ್ಟೇ ಹಿಡಿದು, ಬೆಳಗಿನ ಓರೆಬಿಸಿಲಿಗೆ ಮೆಲ್ಲಗೆ ತಿರುಗಿಸಿ ನೋಡುವುದನ್ನು ನನಗೂ ಕಲಿಸಿದಳು. ಎಲ್ಲೋ ಒಂದು ಗೀರು ಕಂಡೇ ಕಾಣುತ್ತಿತ್ತು. "ಇದಲ್ಲ" ಎಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು.

ಅತ್ತೆಯ ಎಡಗೆನ್ನೆಯ ಮೇಲೆ ಸಿಡುಬಿನ ಕಲೆಗಳಿದ್ದವು. ಹೆಣ್ಣು ನೋಡಲು ಬಂದವರು ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿ, ಉಪ್ಪಿಟ್ಟು ತಿಂದು, ಹೇಳಿ ಕಳಿಸ್ತೀವಿ ಎಂದು ಎದ್ದು ಹೋಗುತ್ತಿದ್ದರು. ಅಜ್ಜಿಗೆ ಆ ಸಂಕಟ ಒಳಗೇ ಇದ್ದರೂ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಅಲ್ಲ ಕಣೇ ಸರೋಜಿ, ಆ ಬೋಳ್ತಲೆಯೋನ ಮೊಕ ಅಷ್ಟೊಂದು ಯಾಕೆ ನೋಡ್ತೀಯ? ಒಂದು ಗೀರಿದ್ರೆ ಏನ್ ಮುಳುಗೋಯ್ತದೆ?"

"ನನ್ ಮೊಕಾನೂ ಎಲ್ರೂ ಇಂಗೇ ನೋಡಿದ್ರಲ್ಲಮ್ಮ. ಈಗ ನೋಡೋ ಸರದಿ ನಂದು."

ಕಡೆಗೂ ಒಂದು ಡಿಸೆಂಬರಿನಲ್ಲಿ ಅದು ಸಿಕ್ಕಿತು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಕೆನ್ನೆ ಹಾಲಿನ ಕೆನೆಯಂತೆ ನುಣುಪಾಗಿತ್ತು. ನನ್ನನ್ನು ಎತ್ತಿ ಗಿರ್ರನೆ ಸುತ್ತಿಸಿದ್ದು ಅವಳ ಜೀವನದಲ್ಲಿ ಅದೊಂದೇ ಸಲ. ಆ ಡಬ್ಬಿಯ ಗೀರುಬಿದ್ದ ನಾಣ್ಯಗಳ ಜೊತೆ ಇಡಲು ಮನಸ್ಸಾಗದೆ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟು ಬಸ್ಸಿಗೆ ಓಡಿದಳು. ಅವತ್ತು ಗುರುವಾರ. ಮಗಳು ದೇವಿಗೆ ಹರಕೆ ಕಟ್ಟಿದ್ದಾಳೆ ಎಂದೇ ಅಜ್ಜಿ ತಿಳಿದಳು.

ಶುಕ್ರವಾರ ಬೆಳಿಗ್ಗೆ ಬೋಳುತಲೆಯವನು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಲಕ್ಷ್ಮಿಯ ಮುಂದೆ ಕೂತಿದ್ದ. ಮುಖದ ತುಂಬ ಕೂದಲೆಳೆಯಂಥ ಗೀರುಗಳು.

"ಎಂಗ್ ಒಳೀತೈತೆ ನೋಡೇ. ನಿಂಗೊಂದು ಒಳ್ಳೆ ಗಂಡು ಸಿಗ್ಲಿ ಅಂತ ನಾನೇ ಉಜ್ಜಿ ಇಟ್ಟೀನಿ."

ಅತ್ತೆಯ ಕಣ್ಣು ತುಂಬಿತು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಅಜ್ಜಿಯ ಸುಕ್ಕುಗಟ್ಟಿದ, ಇನ್ನೂ ಹುಳಿ ನಾರುತ್ತಿದ್ದ ಬೆರಳುಗಳನ್ನು ನೋಡಿದಳು. "ಚೆಂದಾಗೈತೆ ಕಣಮ್ಮ" ಎಂದಳು. ಆಮೇಲೆ ಬಸ್ ಸ್ಟ್ಯಾಂಡಿನವರೆಗೂ ನನ್ನ ಕೈ ಬಿಡದೆ ನಡೆದು, ಬಸ್ಸು ಹತ್ತುವಾಗ ಹೇಳಿದಳು: "ಬರೋ ಕ್ರಿಸ್‌ಮಸ್ಸಿಗೆ ಇನ್ನೊಂದು ಉಡುಕ್ತೀನಿ ಬಿಡು."

ಹುಡುಕಿದಳು, ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದ ದಿನದವರೆಗೂ. ಆದರೆ ಗಣಿ ಸೊರಗಿ ಉರಿಗಾಂನ ಆ ಮನೆಗಳು ಒಂದೊಂದಾಗಿ ಖಾಲಿಯಾಗಿ ಗೌನುಗಳೇ ಇಲ್ಲವಾದವು. ಗಂಡೂ ಬರಲಿಲ್ಲ, ಡಾಲರೂ ಬರಲಿಲ್ಲ. ಅಜ್ಜಿ ಮೊದಲು ಹೋದಳು, ಆಮೇಲೆ ಅತ್ತೆ.

ಅವಳ ಪಟ್ಟು ನನಗೆ ಬಂತು. ಕಂಡ ಕಂಡ ನಾಣ್ಯದಂಗಡಿಗಳಲ್ಲಿ ಓರೆಬೆಳಕಿಗೆ ತಿರುಗಿಸಿ ತಿರುಗಿಸಿ, ಮೊನ್ನೆ ಅಂಥದ್ದೊಂದು ಸಿಕ್ಕಿತು. ಬಂಗಾರಪೇಟೆಗೆ ತಗೊಂಡು ಹೋದೆ. ಮನೆಯಿದ್ದಲ್ಲಿ ಬೇರೆಯವರ ಗೋಡೌನು, ಬಾವಿ ಮುಚ್ಚಿದ್ದಾರೆ. ರಸ್ತೆಯಲ್ಲೇ ನಿಂತು ಬೆಳಗಿನ ಬಿಸಿಲಿಗೆ ಹಿಡಿದೆ. ಕೆನ್ನೆಯ ಮೇಲೆ ಒಂದು ಗೀರೂ ಇರಲಿಲ್ಲ. "ಸಿಕ್ತು ಅತ್ತೆ" ಎಂದು ಬಾಯಿಬಿಟ್ಟೇ ಹೇಳಿದೆ. ಇನ್ನು ಇದಕ್ಕೆ ಯಾವ ಅಪಾಯವೂ ಇಲ್ಲ. ಹುಣಸೆಹಣ್ಣು ಹಾಕಿ ಉಜ್ಜುವವರು ಯಾರೂ ಉಳಿದಿಲ್ಲ.