ಎರಡನೇ ಕ್ಯಾಸೆಟ್ಟಿನ ದನಿ

ಅಥವಾ ಹಾಗೆ ಹಾಡಿದವನು ನನ್ನ ಗೆಳೆಯನಲ್ಲವೇನೋ. ಕಣ್ಣು ಮುಚ್ಚಿದರೆ ತಾಂಡೂರಿನ ಮದುವೆ ಚಪ್ಪರ ಕಾಣುತ್ತದೆ, ಅವನ ಬಾಯಿ ಆಡುತ್ತದೆ, ಹಾಡೂ ಕೇಳಿಸುತ್ತದೆ. ಆದರೆ ಆ ಬಾಯಿಗೂ ಆ ಹಾಡಿಗೂ ಹೊಂದುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಜಹೀರಾಬಾದಿನಲ್ಲಿ ನಾವು ನಾಲ್ವರು ರಾಕ್ ಬ್ಯಾಂಡ್ ಕಟ್ಟಿದ್ದೆವು. ಊರವರು ಅದನ್ನು ಆರ್ಕೆಸ್ಟ್ರಾ ಎನ್ನುತ್ತಿದ್ದರು. ನನ್ನದು ಗಿಟಾರ್. ಹಾಡುತ್ತಿದ್ದವನು ನನ್ನ ಬಾಲ್ಯದ ಗೆಳೆಯ. ಅವನು ಯಾವ ಹಾಡನ್ನೂ ಮೊದಲೇ ಪೂರ್ತಿ ಕಟ್ಟಿಕೊಳ್ಳುತ್ತಿರಲಿಲ್ಲ. ಮದುವೆಗಳಲ್ಲಿ ಎದುರಿಗೆ ಕೂತವರ ಮುಖ ನೋಡಿ ಒಂದು ನುಡಿ ಕನ್ನಡದಲ್ಲಿ, ಮುಂದಿನದು ದಖನಿ ಉರ್ದುವಿನಲ್ಲಿ, ಹಿಂದೆ ಹೆಂಗಸರು ನಕ್ಕರೆ ಇನ್ನೊಂದು ತೆಲುಗಿನಲ್ಲಿ ಅಲ್ಲೇ ಜೋಡಿಸುತ್ತಿದ್ದ. ನಾವು ಅವನ ಬೆನ್ನು ಹಿಡಿದು ನುಡಿಸುತ್ತಿದ್ದೆವು. ಮೊದಲ ಕ್ಯಾಸೆಟ್ಟು ರೆಕಾರ್ಡ್ ಆದದ್ದು ಅಂಥದೊಂದು ಮದುವೆಯಲ್ಲೇ. ಊಟದ ಗದ್ದಲ, ಕೂಸುಗಳ ಅಳು ಎಲ್ಲ ಅದರಲ್ಲಿತ್ತು. ಆದರೂ ನಾರಾಯಣಖೇಡದ ಹೋಟೆಲುಗಳಲ್ಲಿ ಅದನ್ನೇ ಹಾಕುತ್ತಿದ್ದರು.

ಎರಡನೆಯದನ್ನು ಹೈದರಾಬಾದಿನ ಸ್ಟುಡಿಯೋದಲ್ಲೇ ಮಾಡಬೇಕೆಂದು ಕ್ಯಾಸೆಟ್ ಕಂಪನಿ ಹಟ ಹಿಡಿಯಿತು. ಕಂಪನಿಯ ಸಾಹೇಬರು ಬೀದರ ಕಡೆಯವರು, ಮಾತು ನಮ್ಮಂಥದೇ. ಗೆಳೆಯ ಮೈಕಿನ ಮುಂದೆ ನಿಂತು ಎದುರಿನ ಗಾಜನ್ನೇ ನೋಡಿದ.

“ಯಾರಿಗಿ ಹಾಡ್ಲಿರಿ?”

“ಮೈಕಿಗಿ ಹಾಡಪ್ಪ. ಅದೇನ್ ಎದ್ದು ಹೋಗ್ತದ?” ಎಂದರು ಸಾಹೇಬರು.

“ಅದು ನಗಂಗಿಲ್ಲಲ್ರಿ. ಒಂದ್ ನಾಕ್ ಮಂದೀನ ಕರಸ್ರಿ, ಹಾಡ್ತೀನಿ.”

“ಮಂದಿ ಬಂದ್ರ ಮತ್ತದೇ ಗದ್ಲ. ಈ ಸಲ ಸಾಫ್ ಬೇಕು.”

ಡ್ರಮ್ ಬಾರಿಸುವವನು ಸುಮ್ಮನಿರಲಿಲ್ಲ. “ಸಾಹೇಬ್ರಿಗೇ ಬಾಸಿಂಗ ಕಟ್ರಿ, ಮದುವಿ ಆದಂಗಾಗ್ತದ!”

ಸಾಹೇಬರೂ ನಕ್ಕರೆಂದು ನೆನಪು. ಆ ನಗು ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಗೆಳೆಯ ಮತ್ತೆ ಮತ್ತೆ ಶುರುಮಾಡಿದ. ಪ್ರತಿ ಸಲ ಎರಡನೇ ನುಡಿಗೆ ಬಂದು ನಿಂತುಬಿಟ್ಟ. ಮರುದಿನ ನಾವು ಹೋದಾಗ ಮೈಕಿನ ಮುಂದೆ ಕಂಪನಿ ಕರೆಸಿದ ಬೇರೆ ಹಾಡುಗಾರನಿದ್ದ. ಕ್ಯಾಸೆಟ್ಟಿನ ಹೊದಿಕೆ ಆಗಲೇ ಅಚ್ಚಾಗಿತ್ತು, ಅದರ ಮೇಲೆ ನನ್ನ ಗೆಳೆಯನ ಫೋಟೋ.

“ಮಾರಿ ನಿಂದೇ ಇರ್ತದಲ್ಲ,” ಎಂದು ಸಾಹೇಬರು ಫೋಟೋದ ಮುಖ ತೋರಿಸಿ ಸಮಾಧಾನ ಹೇಳಿದರು.

“ಮಾರಿ ಹಾಡ್ತದೇನ್ರಿ?” ಎಂದು ಅವನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಹೊಸಬ ಅವನ ಹಾಡುಗಳನ್ನು ಒಂದೂ ತಪ್ಪಿಲ್ಲದೆ ಹಾಡಿದ. ನಾವು ನುಡಿಸಿದೆವು.

ಆ ಕ್ಯಾಸೆಟ್ಟು ಮೊದಲಿನದಕ್ಕಿಂತ ಹೆಚ್ಚು ಓಡಿತು. ತಾಂಡೂರಿನ ಆ ಮದುವೆಯಲ್ಲಿ ಬೀಗರೊಬ್ಬರು ನನ್ನ ಗೆಳೆಯನ ಭುಜ ತಟ್ಟಿದರು. “ಏನ್ ಹಾಡೀರಿ ಅಣ್ಣಾ! ದನಿ ಮೊದಲಿನಕಿನ್ನ ಖುಲ್ಲಾ ಆಗ್ಯಾದ. ಹಂಗೇ ಹಾಡ್ರಿ, ಕ್ಯಾಸೆಟ್ನ್ಯಾಗಿನಂಗೇ.”

“ಆತ್ರಿ,” ಎಂದ.

ಹಾಗೆಯೇ ಹಾಡಿದ. ಮೊದಲ ಬಾರಿ ಯಾರ ಮುಖವನ್ನೂ ನೋಡದೆ, ಆ ಇನ್ನೊಬ್ಬನ ಎಳೆತ, ಆ ಇನ್ನೊಬ್ಬನ ಉಸಿರು ತಂದುಕೊಂಡು, ಕೊನೆಯ ನುಡಿಯವರೆಗೆ. ಮಂದಿ ಶಿಳ್ಳೆ ಹೊಡೆದರು. ಅದಾದ ಮೇಲೆ ಅವನು ನಮ್ಮೊಂದಿಗೆ ಹಾಡಲಿಲ್ಲ. ಕರೆಯಲು ಮನೆಗೆ ಹೋದರೆ ಚಹಾ ಕೊಡುತ್ತಿದ್ದ, ಬೇರೆ ಮಾತಾಡುತ್ತಿದ್ದ.

ನನ್ನ ಬಳಿಯಿದ್ದ ಮೊದಲ ಕ್ಯಾಸೆಟ್ಟಿನ ಟೇಪು ಯಂತ್ರಕ್ಕೆ ಸುತ್ತಿಕೊಂಡು ಹರಿದುಹೋಯಿತು. ಎರಡನೆಯದು ಈಗಲೂ ಹಾಡುತ್ತದೆ. ಅದನ್ನು ಎಷ್ಟು ಸಲ ಕೇಳಿದ್ದೇನೋ. ನನ್ನ ತಲೆಯೊಳಗೆ ಈಗ ಹಾಡುತ್ತಿರುವವನು ಅವನೋ, ಆ ಇನ್ನೊಬ್ಬನೋ, ಆ ಇನ್ನೊಬ್ಬನಂತೆ ಹಾಡಿದ ಅವನೋ, ನನಗೆ ಗೊತ್ತಿಲ್ಲ.