ಭಜನೆ ಪೆನ್‌ಡ್ರೈವಿಗೆ ಬಂದ ಲಿನಕ್ಸ್

ಹಿತಕಬೇಳೆ ಸಾರಿಗೆಂದು ನೆನೆದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಒಳಗಿನಿಂದ ಮಗಳು ಕೂಗಿದಳು: "ಅಮ್ಮಾ, ಕಂಪ್ಯೂಟರ್ ಸತ್ತೋಯ್ತು!"

ಅವಳಾಗ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಮರುದಿನ ಬೆಳಿಗ್ಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅದರೊಳಗಿತ್ತು, ಬೇರೆಲ್ಲೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೀಟು ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

ಪುಣ್ಯಕ್ಕೆ ಅಂದು ನನ್ನ ಮೈದುನನಿಗೆ ರಜೆ. ದೇವನಹಳ್ಳಿಯಲ್ಲಿ ವಿಮಾನ ಹಾರಲು ಶುರುವಾದ ಮೇಲೆ ಅವನಿಗೆ ಅಲ್ಲಿ ಲಗೇಜು ಸಾಗಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಕೈಯಲ್ಲಿ ವಿಂಡೋಸ್ ಲ್ಯಾಪ್‌ಟಾಪೂ ಇತ್ತು.

"ವಿಂಡೋಸ್ ಕೆಟ್ಟಿದೆ ಅಷ್ಟೆ ಕಣೇ. ಪೆನ್‌ಡ್ರೈವಿಗೆ ವಿಂಡೋಸ್ ಥರದ್ದೇ ಇನ್ನೊಂದು ಸಿಸ್ಟಮ್ಮು, ಲಿನಕ್ಸ್, ಹಾಕಿ ಅದರಿಂದ ಆನ್ ಮಾಡಿದ್ರೆ ಫೈಲ್ ಈಚೆಗೆ ತೆಗೀಬೋದು" ಎಂದ.

ಮನೆಗೆಲ್ಲ ಇದ್ದದ್ದು ಒಂದೇ ಪೆನ್‌ಡ್ರೈವ್. ಅದು ದೇವರಮನೆಯ ಪ್ಲೇಯರಿನಲ್ಲಿ ಭಜನೆ ಹಾಡುತ್ತಿತ್ತು. ನಮ್ಮತ್ತೆ ಅಡ್ಡ ನಿಂತರು.

"ದೇವ್ರ ಹಾಡು ಅಳಿಸಿ ಇನ್ನೇನೋ ತುಂಬ್ತೀಯೇನ್ಲಾ?"

"ಹಾಡೆಲ್ಲ ನನ್ನ ಲ್ಯಾಪ್‌ಟಾಪಲ್ಲಿ ಇಟ್ಕೊಂಡಿದೀನಮ್ಮ. ನಿನ್ನ ದೇವ್ರು ಎಲ್ಲೂ ಹೋಗಲ್ಲ."

ಲಿನಕ್ಸಿನ ಫೈಲುಗಳು ಅವನ ಬಳಿ ಮೊದಲೇ ಇದ್ದವು, ಅದೂ ಒಂದು ಪುಣ್ಯ. ನಕಲು ಮಾಡಿ ಕಂಪ್ಯೂಟರಿಗೆ ಚುಚ್ಚಿದ. ಮತ್ತೆ ಅದೇ ಬಿಳಿ ಗೀಟು.

"ಥತ್, ಬೂಟ್‌ಲೋಡರೇ ಹಾಕಿಲ್ಲ!"

"ಏನಪ್ಪಾ ಹಂಗಂದ್ರೆ?" ಎಂದೆ.

"ದೇವ್ರು ಒಳಗೇ ಇದ್ರೂ ಬೆಳಿಗ್ಗೆ ಬಾಗಿಲು ತೆಗೆಯೋಕೆ ಪೂಜಾರಿ ಬೇಕಲ್ಲ ಅತ್ತಿಗೆ. ಇವನು ಆ ಪೂಜಾರಿ."

ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಕಿಟಕಿ ತೆರೆದು ಏನೋ ಟೈಪು ಮಾಡಿದ. ಕೊನೆಯ ಕೀಲಿ ಒತ್ತುವ ಮೊದಲು ಬರೆದದ್ದನ್ನು ಇನ್ನೊಮ್ಮೆ ಓದಿದ. "ಪೆನ್‌ಡ್ರೈವಿನ ಗುರುತಿನ ಅಕ್ಷರ ತಪ್ಪಿದ್ರೆ ನನ್ನ ಲ್ಯಾಪ್‌ಟಾಪೂ ಮಟಾಷ್."

"ಎಫ್ ಚಿಕ್ಕಪ್ಪಾ, ಎಫ್!" ಎಂದಳು ಮಗಳು. ನಾನು ಶಿವಗಂಗೆ ಸ್ವಾಮಿಗೆ ತುಪ್ಪದ ಅಭಿಷೇಕ ಹೇಳಿಕೊಂಡೆ. ಒತ್ತಿದ. ಕಪ್ಪು ಕಿಟಕಿ ತುಟಿ ಪಿಟಕ್ಕೆನ್ನಲಿಲ್ಲ.

"ಸುಮ್ನಿದ್ರೆ ಕೆಲಸ ಆಯ್ತು ಅಂತ ಅರ್ಥ" ಎಂದ. ನಮ್ಮ ಮನೆಯ ಗಂಡಸರು ಸುಮ್ಮನಿದ್ದಾಗ ಹಾಗೇನೂ ಅರ್ಥವಿರುವುದಿಲ್ಲ, ಆದರೂ ನಂಬಿದೆ.

ಪೆನ್‌ಡ್ರೈವ್ ಕಿತ್ತಿಟ್ಟು ಕಾಫಿ ಕುಡಿದು ಬಂದೆವು. ಮತ್ತೆ ಚುಚ್ಚಿದರೆ ಕಂಪ್ಯೂಟರಿಗೆ ಪೆನ್‌ಡ್ರೈವಿನ ಗುರುತೇ ಸಿಗಲಿಲ್ಲ. ಲ್ಯಾಪ್‌ಟಾಪಿಗೂ ಸಿಗಲಿಲ್ಲ. ಮೈದುನ ಬೂಟ್‌ಲೋಡರನ್ನು ಬಾಯಿಗೆ ಬಂದಂತೆ ಬೈದ. ಮಗಳ ಕಣ್ಣಲ್ಲಿ ನೀರು. ಪೆನ್‌ಡ್ರೈವ್ ಕಿತ್ತು ನೋಡಿದಳು, ಬೆರಳೆಲ್ಲ ಕೆಂಪು.

"ಅಜ್ಜೀ!"

"ಏನೇ? ಹೊಸ ಪೂಜಾರಿ ಬಂದವ್ನೆ ಅಂದ್ರಲ್ಲ, ಅರಿಶಿನ ಕುಂಕುಮ ಇಟ್ಟೆ. ಪಂಪ್‌ಸೆಟ್ಟಿಗೂ ಇಟ್ಟಿದ್ದೆ, ನೀರು ಬರ್ತಿಲ್ವಾ?"

"ಪಂಪ್‌ಸೆಟ್ಟಿಗೆ ನೀನು ಹಣೆಗೆ ಇಟ್ಟಿದ್ದೆ ಅಜ್ಜಿ. ಇದಕ್ಕೆ ಬಾಯೊಳಕ್ಕೇ ತುರುಕಿದೀಯ!"

"ಅದ್ರ ಹಣೆ ಯಾವ್ದು ಅಂತ ನಂಗೇನೇ ಗೊತ್ತು?"

ನಮ್ಮಲ್ಲಿ ಮಿಕ್ಸಿಯೂ ಕುಂಕುಮವಿಲ್ಲದೆ ತಿರುಗಿದ್ದಿಲ್ಲ. ಹಾಗಾಗಿ ಯಾರೂ ಅವರನ್ನು ಬೈಯುವಂತಿರಲಿಲ್ಲ. ಊದುಬತ್ತಿ ಕಡ್ಡಿಗೆ ಬತ್ತಿಯ ಹತ್ತಿ ಸುತ್ತಿ ಕೊಟ್ಟೆ. ಮೈದುನ ಪೆನ್‌ಡ್ರೈವಿನ ಬಾಯಿ ಒರೆಸಿದ, ಕಂಪ್ಯೂಟರನ್ನೂ ಲ್ಯಾಪ್‌ಟಾಪನ್ನೂ ಆರಿಸಿ ಅವುಗಳ ಕಿಂಡಿಯನ್ನೂ ಒರೆಸಿದ. ಮತ್ತೆ ಆನ್ ಮಾಡಿದಾಗ ಪರದೆಯ ಮೇಲೆ ಸಾಲುಸಾಲು ಅಕ್ಷರ ಓಡಿತು, ಆಮೇಲೆ ನೀಲಿ ಬೆಳಕು. ವರದಿ ಇದ್ದಲ್ಲೇ ಇತ್ತು. ಮಗಳು ಅದನ್ನು ಪೆನ್‌ಡ್ರೈವಿಗೆ ಹಾಕಿ, ಲ್ಯಾಪ್‌ಟಾಪಿಗೂ ಇಳಿಸಿ, ತೆರೆದು ಕೊನೆಯ ಪುಟದವರೆಗೆ ನೋಡಿದ ಮೇಲೇ ಉಸಿರು ಬಿಟ್ಟಳು.

"ನೋಡಿದ್ರಾ, ಕುಂಕುಮದ ಮಹಿಮೆ" ಎಂದರು ಅತ್ತೆ. ಕರೆಂಟ್ ಹೋಗಲಿಲ್ಲ, ವರದಿ ಸಿಕ್ಕಿತು, ಭಜನೆಯೂ ಉಳಿಯಿತು. ಅಂಥ ದಿನ ವಾದಕ್ಕೆ ಇಳಿಯಬಾರದು. ಕೈಮುಗಿದು, ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತರಲು ಮೆಟ್ಟಿಲು ಹತ್ತಿದೆ.