ಷರಾ ಬರೆಯದ ವರದಿ

2021ರಲ್ಲಿ ನಾನು ಅಬುಧಾಬಿ ಸೀಮೆಯ ಅಲ್ ಐನ್‌ನಲ್ಲಿ ತೋಟಗಳ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಂಡತಿ ಮಕ್ಕಳು ಮಂಗಳೂರಿನಲ್ಲಿ. ನನಗೆ ಒಂದು ಕೋಣೆ, ಒಂದು ಕುಕ್ಕರ್. ವಿಪರೀತ ನೀರು ಕುಡಿಯುವ ಮೇವಿನ ಹುಲ್ಲು ಬಿಟ್ಟು, ಖರ್ಜೂರಕ್ಕೆ ಮಾತ್ರ ಡ್ರಿಪ್‌ನಲ್ಲಿ ನೀರುಣಿಸುವ ರೈತರಿಗೆ ಅಂತರ್ಜಲ ಉಳಿಸಿದ್ದಕ್ಕಾಗಿ ಸರ್ಕಾರದ ಸಹಾಯಧನ ಸಿಗುತ್ತಿತ್ತು. ಸ್ಯಾಟಲೈಟ್ ಚಿತ್ರದಲ್ಲಿ ಬೇರೆ ಹಸಿರು ಕಂಡರೆ ನಾನು ಹೋಗಿ ನೋಡಿ ವರದಿ ಬರೆಯಬೇಕು. ಎರಡು ಸಲ ತಪ್ಪು ದಾಖಲಾದರೆ ಸಹಾಯಧನ ನಿಲ್ಲುತ್ತಿತ್ತು. ಧಣಿಗೆ ಅದು ನಷ್ಟ, ಅಷ್ಟೇ. ತೋಟ ಕಾಯುವವನಿಗೆ ಕೆಲಸ, ವೀಸಾ ಎರಡೂ ಖಲಾಸ್.

ಜೂನ್‌ನಲ್ಲಿ ಅಂಥದ್ದೊಂದು ಹಸಿರು ಚುಕ್ಕೆಯ ಬೆನ್ನು ಹತ್ತಿ ನಲವತ್ತು ಕಿಲೋಮೀಟರ್ ದೂರದ ತೋಟಕ್ಕೆ ಹೋದೆ. ಪಂಪ್ ರೂಮಿನ ಹಿಂದೆ, ಹಳೆಯ ಪೈಪುಗಳ ಚಪ್ಪರದ ಮೇಲೆ ದಪ್ಪ ಎಲೆಯ ಬಳ್ಳಿ. "ಅಯ್ಯೋ, ಬಸಳೆ!" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

ತೋಟ ಕಾಯುವವರು ಬಕೆಟ್ ಕೆಳಗಿಟ್ಟು ಓಡಿ ಬಂದರು. ಹೆಸರು ಶೀನಣ್ಣ, ಕುಂದಾಪುರದ ಕಡೆಯವರು, ವಯಸ್ಸು ಐವತ್ತು ದಾಟಿತ್ತು.

"ಹ್ವಾಯ್, ನೀವ್ ನಮ್ ಬದಿಯರಾ? ಬಾಯ್ತುಂಬ ಕನ್ನಡ ಮಾತಾಡ್ದೆ ಎಂಟ್ ತಿಂಗ್ಳಾಯ್ತ್ ಕಾಣಿ!"

ಆ ತೋಟದಲ್ಲಿ ಅವರೊಬ್ಬರೇ. ಒಂದು ಗಂಟೆ ಬಿಡದೆ ಮಾತಾಡಿದರು. ನಾನು ನಾಲ್ಕು ಸಲ ವಾಚ್ ನೋಡಿದೆ. ನೀರಿನ ವಿಷಯ ಕೇಳಿದಾಗ ಬಕೆಟ್ ತೋರಿಸಿದರು.

"ಬೋರ್ ನೀರ್ ಒಂದ್ ಹನಿ ಮುಟ್ಲಿಲ್ಲ ಮಾರಾಯ್ರೆ. ಏಸಿಯಿಂದ ಬೀಳು ನೀರ್, ಅಕ್ಕಿ ತೊಳ್ದ್ ನೀರ್, ಅಷ್ಟೇ."

ಮೀಟರ್ ನೋಡಿದೆ. ಮಾತು ನಿಜ. ನನ್ನ ಪಟ್ಟಿಯ ತೋಟಗಳಲ್ಲಿ ನೀರನ್ನು ಇಷ್ಟು ಜೋಪಾನ ಮಾಡಿದವರು ಇನ್ನೊಬ್ಬರಿರಲಿಲ್ಲ. ಹೊರಡುವಾಗ ಒಂದು ಕಟ್ಟು ಬಸಳೆ ಕಾರಿನಲ್ಲಿಟ್ಟರು. ನಾನೂ ಬೇಡವೆನ್ನಲಿಲ್ಲ.

ಫಾರಂನ ಕೊನೆಯಲ್ಲಿ ಷರಾ ಬರೆಯುವ ಕಾಲಂ ಇತ್ತು. ಏಸಿ ನೀರಿನ ಸಂಗತಿ ಎರಡು ಸಾಲಿನಲ್ಲಿ ಬರೆದು ವಿನಾಯಿತಿ ಕೇಳಬಹುದಿತ್ತು. ಆದರೆ 'ಊರಿನವನೆಂದು ಬಿಟ್ಟ' ಎಂದು ಆಫೀಸಿನಲ್ಲಿ ಯಾರಾದರೂ ಅಂದಾರೆಂಬ ಹೆದರಿಕೆ. ಶೀನಣ್ಣ ಬೇರೆ ದೇಶದವರಾಗಿದ್ದರೆ ಖಂಡಿತ ಬರೆಯುತ್ತಿದ್ದೆ. ಷರಾ ಖಾಲಿ ಬಿಟ್ಟು, 'ಮೊದಲ ಎಚ್ಚರಿಕೆ, ಹದಿನೈದು ದಿನಗಳಲ್ಲಿ ತೆರವು ಮಾಡತಕ್ಕದ್ದು' ಎಂದು ಕಳಿಸಿದೆ. ಕಳಿಸುವ ಮುಂಚೆ ಅದೇ ಬಸಳೆಯ ಸಾರು ಮಾಡಿ ಉಂಡಿದ್ದೆ. ನಾಚಿಕೆಗೇಡು, ಆದರೆ ರುಚಿಯಾಗಿತ್ತು. ಉಳಿದ ಎರಡು ದಂಟನ್ನು ಪೇಂಟ್ ಡಬ್ಬಿಯಲ್ಲಿ ನೆಟ್ಟು ನನ್ನ ಏಸಿ ಪೈಪಿನ ಕೆಳಗಿಟ್ಟೆ.

ಹದಿನಾರನೆಯ ದಿನ ಮತ್ತೆ ಹೋದೆ. ಚಿಗುರಿದ ಡಬ್ಬಿಯನ್ನು ಶೀನಣ್ಣನಿಗೆ ತೋರಿಸೋಣವೆಂದು ಪಕ್ಕದ ಸೀಟಿನಲ್ಲಿಟ್ಟುಕೊಂಡಿದ್ದೆ. ಪಂಪ್ ರೂಮಿನ ಹಿಂದೆ ಬರೀ ಮರಳು, ಗುಡಿಸಿ ಸಮ ಮಾಡಿದ್ದರು. ಸಹಾಯಧನ ಉಳಿಯಿತು, ಅವರ ಕೆಲಸವೂ ಉಳಿಯಿತು ಎಂದು ನನಗೆ ಸಮಾಧಾನ.

"ಹೇಗಿದ್ದೀರಿ ಶೀನಣ್ಣ?" ಎಂದೆ.

ಕೈಕಟ್ಟಿ ದೂರ ನಿಂತಿದ್ದರು. "ಸಬ್ ಸಾಫ್ ಹೈ, ಸಾಬ್. ಫೋಟೋ ಲೀಜಿಯೇ."

"ನಿಮ್ಮ ಕೆಲಸ ಉಳೀಲಿ ಅಂತಲೇ ಮಾರಾಯ್ರೆ..."

"ಜೀ, ಸಾಬ್."

ಇನ್ನೂ ಎರಡು ಸಲ ಕನ್ನಡದಲ್ಲೇ ಮಾತಿಗೆಳೆದೆ. ಉತ್ತರ ಹಿಂದಿಯಲ್ಲೇ ಬಂತು. ಡಬ್ಬಿಯನ್ನು ಕಾರಿನಿಂದ ಇಳಿಸಲಿಲ್ಲ.

ನಮ್ಮವರ ಮೇಲೆ ಒಂದು ಕೈ ಹೆಚ್ಚು ಕಠಿಣವಾಗುವುದೂ ಪಕ್ಷಪಾತವೇ ಎಂದು ಈ ಕೆಲಸ ನನಗೆ ಕಲಿಸಿತು. ನಿವೃತ್ತನಾಗುವವರೆಗೆ ಮತ್ತೆಂದೂ ಷರಾ ಖಾಲಿ ಬಿಡಲಿಲ್ಲ. ಡಬ್ಬಿಯ ಬಸಳೆ ಬಾಲ್ಕನಿ ತುಂಬ ಹಬ್ಬಿತು. ಕೊಯ್ದು ಒಂದು ಕಟ್ಟು ಕೊಡೋಣವೆಂದರೆ ಅಲ್ಲಿ ನನಗೆ ಯಾರೂ ಇರಲಿಲ್ಲ.